ಹೂವಿನ ಹಾರ ಹರಿದ ಮಿಸ್ತ್ರಿ

ನಿಂತ ಲಾರಿಯ ಮೂತಿಗೆ ಕೈಯ ಹಿಂಬದಿಯನ್ನು ಒತ್ತಿ, ಕಣ್ಣು ಮುಚ್ಚಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ನೋಡುತ್ತಿದ್ದ ಕನ್ನಪ್ಪ ಮಿಸ್ತ್ರಿ. ಆ ಒಂದು ಗಳಿಗೆ ಮಾತ್ರ ಅವನ ಮುಖ ಮೆತ್ತಗಿರುತ್ತಿತ್ತು. ಕಣ್ಣು ತೆರೆದನೋ, ಬೈಗುಳ ಶುರು. "ಯಾರೋ ಇದ್ನ ಉರಿಗಿಟ್ಟು ಹೋದಂವ? ಇದು ಗಾಡಿನೋ, ಬಚ್ಚಲ ಹಂಡೆನೋ?" ಎಂದು ಅವನು ಕೂಗಿದರೆ ಚಾ ಕುಡಿಯುತ್ತಿದ್ದ ಡ್ರೈವರುಗಳು ಲೋಟ ಅಲ್ಲೇ ಬಿಟ್ಟು ಎದ್ದು ಓಡುತ್ತಿದ್ದರು. ಅರ್ಧ ಕುಡಿದ ಚಾ ಚೆಲ್ಲುವ ಕೆಲಸ ನನ್ನದು.

ಯಲ್ಲಾಪುರದಲ್ಲಿ ಹೆದ್ದಾರಿಯ ಬದಿಗೆ ಗ್ಯಾರೇಜುಗಳ ಸಾಲು ಇದೆ. ಅಲ್ಲಿ ನನ್ನದೊಂದು ಚಾ ಅಂಗಡಿ. ನನ್ನ ಹೆಸರು ಗೌರಿ, ಎಲ್ಲರೂ ಗೌರಕ್ಕ ಅನ್ನುತ್ತಾರೆ. ಓದಿದ್ದು ನಾಲ್ಕನೇ ಇಯತ್ತೆ. ಇದನ್ನು ಮೊಮ್ಮಗಳು ಪವಿತ್ರಾಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಅವಳು ತಿದ್ದುತ್ತಾಳೆ. ಶುಕ್ರವಾರದಿಂದ ನನಗೆ ಊಟ ಸೇರುತ್ತಿಲ್ಲ, ಸಂತೋಷಕ್ಕೆ. ಒಂದೇ ಲೋಟಕ್ಕೆ ಎರಡು ಸಲ ಸಕ್ಕರೆ ಹಾಕುತ್ತಿದ್ದೇನೆ, ಕುಡಿದವರು ಮುಖ ಹಿಂಡಿದರೂ ನಗುತ್ತಿದ್ದೇನೆ. ಆದರೆ ಆ ಸಂತೋಷವನ್ನು ಬರೆಯೋಣ ಎಂದು ಕೂತರೆ ಮೊದಲು ಕೈಗೆ ಬರುವುದು ಮಿಸ್ತ್ರಿಯ ಮೇಲಿನ ಸಿಟ್ಟು. ಅವನು ನನಗಿಂತ ಆರೇಳು ವರ್ಷಕ್ಕೆ ಚಿಕ್ಕವನು, ಅದಕ್ಕೇ ಅವನು ಎಂದು ಬರೆಯುತ್ತೇನೆ. ಅವರು ಎಂದು ಬರೆಯಲು ಇನ್ನೂ ಮನಸ್ಸು ಬಂದಿಲ್ಲ.

ಮಿಸ್ತ್ರಿ ಸಿದ್ದಾಪುರ ತಾಲೂಕಿನ ಬಿಳಗಿಯವನು. ಮೀಸೆ ಮೂಡುವ ಮೊದಲೇ ಯಲ್ಲಾಪುರಕ್ಕೆ ಬಂದು ಕೆಲಸ ಕಲಿತ. ಕುಳ್ಳ, ಕಪ್ಪು, ಹೆಗಲ ಮೇಲೆ ಯಾವ ಬಣ್ಣದ್ದೆಂದು ಹೇಳಲಾಗದ ಒಂದು ಟವೆಲ್. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ, ಹಿಡಿಯನ್ನು ತನ್ನ ಕಿವಿಗೆ ಹಚ್ಚಿಕೊಂಡು ಕೇಳುತ್ತಿದ್ದ. ಎಂಜಿನ್ ಹೇಳಿದ್ದನ್ನು ಅಷ್ಟು ಹೊತ್ತು ಕೇಳುವವನು ಮನುಷ್ಯರು ಹೇಳಿದ್ದನ್ನು ಅರ್ಧವೂ ಕೇಳುತ್ತಿರಲಿಲ್ಲ. ಅರಬೈಲ್ ಘಟ್ಟ ಹತ್ತಿ ಬಂದ ಲಾರಿಯನ್ನು ಬಂದ ಕೂಡಲೇ ಆರಿಸಿದರೆ ಬೈಯುತ್ತಿದ್ದ: "ಓಡಿ ಬಂದಂವನ ಮೂಗು ಹಿಡಿತ್ಯನೋ? ಎರಡು ನಿಮಿಷ ಉಸ್ರು ತೆಗಿಲಿ." ಎರಡು ನಿಮಿಷ ಹತ್ತಾದರೆ ಅದಕ್ಕೂ ಬೈಯುತ್ತಿದ್ದ. ಒಬ್ಬ ಡ್ರೈವರ್ ಒಮ್ಮೆ, "ಮಿಸ್ತ್ರಿ, ಆರ್ಸಿದ್ರೂ ಬೈತೆ, ಆರ್ಸದಿದ್ರೂ ಬೈತೆ, ಎಂತ ಮಾಡುದು?" ಎಂದು ಕೇಳಿದ. "ಗಡಿಯಾರ ನೋಡುದು," ಎಂದ ಮಿಸ್ತ್ರಿ.

ನನ್ನ ಚಾಕ್ಕೂ ಬೈಗುಳ ತಪ್ಪಿದ್ದಿಲ್ಲ. ದಿನಾ ಹತ್ತೂವರೆಗೆ ಬಂದು ಅಂಗಡಿಯ ಹೊರಗಿನ ಬೆಂಚಿನ ಎಡತುದಿಗೆ ಕೂರುತ್ತಿದ್ದ. "ಗೌರಕ್ಕಾ, ಇದು ಚಾನೋ, ಚಾ ಲೋಟ ತೊಳ್ದ ನೀರೋ?" ಎನ್ನುತ್ತಿದ್ದ. ಕುಡಿದು ಮುಗಿಸಿ ಇನ್ನೊಂದು ಕೇಳುತ್ತಿದ್ದ.

ಇಂಥವನ ಕೈಯಲ್ಲಿ ನನ್ನ ಮೊಮ್ಮಗಳ ಬದುಕು ಹೋಗಿ ಸಿಕ್ಕಿಕೊಂಡಿತು.

ಪವಿತ್ರಾ ನನ್ನ ಮಗಳ ಮಗಳು. ಅವಳ ಅಪ್ಪ ಅಮ್ಮ ಗೋವೆಯಲ್ಲಿ ಕೆಲಸಕ್ಕಿದ್ದಾರೆ. ಅವಳು ಬೆಳೆದದ್ದು ಈ ಅಂಗಡಿಯಲ್ಲಿ, ಲಾರಿಗಳ ಸದ್ದಿನಲ್ಲಿ. ಪಿಯುಸಿ ಮುಗಿಸಿ, ಸಣ್ಣ ಗೂಡ್ಸ್ ಗಾಡಿಯಲ್ಲಿ ನೀರಿನ ಕ್ಯಾನು ಹಾಕುತ್ತಿದ್ದಳು. ದೊಡ್ಡ ಗಾಡಿಯ ಲೈಸೆನ್ಸನ್ನೂ ಮಾಡಿಸಿಕೊಂಡಳು. ಲೈಸೆನ್ಸ್ ಇದ್ದರೇನು, ಹೆಣ್ಣುಮಗಳ ಕೈಗೆ ಲಾರಿ ಕೊಡುವವರು ಯಾರು? ಕೇಳಿದ ಕಡೆಯೆಲ್ಲ ನಕ್ಕು ಕಳಿಸಿದರು. ನನಗೆ ಆಗ ಬಂದ ಸಿಟ್ಟಿಗೆ, ನಕ್ಕವರ ಚಾಕ್ಕೆ ಹಾಲು ಕಡಿಮೆ ಹಾಕಿದ್ದೂ ಉಂಟು.

ಅಷ್ಟರಲ್ಲಿ ಊರಿನ ಭಟ್ಟರೊಬ್ಬರು ಒಂದು ನೀರಿನ ಟ್ಯಾಂಕರ್ ಲಾರಿ ತಂದರು. ಬಳ್ಳಾರಿ ಕಡೆಯ ಗಣಿಯೊಂದರಲ್ಲಿ ಧೂಳಿಗೆ ನೀರು ಹೊಡೆಯುತ್ತಿದ್ದ ಗಾಡಿ, ಹರಾಜಿನಲ್ಲಿ ಸಿಕ್ಕಿದ್ದು. ಅದರ ಗೇರು ತಾನಾಗಿಯೇ ಬದಲಾಗುತ್ತದೆ. ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ನಮ್ಮ ಸಾಲಿನವರೆಲ್ಲ ಅದನ್ನು ಹೊಸ ಸೊಸೆಯನ್ನು ನೋಡಿದ ಹಾಗೆ ನೋಡಿ ಹೋದರು. ಆದರೆ ನಾಲ್ಕೇ ತಿಂಗಳಲ್ಲಿ ಇಬ್ಬರು ಡ್ರೈವರುಗಳು ಅದರ ಗೇರ್ ಎಣ್ಣೆ ಸುಟ್ಟು ಹಾಕಿದರು. ಕೆಂಪಗೆ ಇರಬೇಕಾದ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು. ಆಲೆಮನೆಯಲ್ಲಿ ಬೆಲ್ಲದ ಪಾಕ ಸೀದಂಥ ವಾಸನೆ ನನ್ನ ಅಂಗಡಿಯವರೆಗೂ ಬಂತು. ಮಿಸ್ತ್ರಿ ಅದನ್ನು ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿ ಭಟ್ಟರಿಗೆ ಹೇಳಿದ: "ಓಡ್ಸುಕೆ ಬಪ್ಪವ್ರು ಬೇಕಾದಷ್ಟು ಜನ ಇದ್ರು ಭಟ್ರೇ. ಇದನ್ನ ನಿಲ್ಸುಕೆ ಬಪ್ಪವ್ರು ಬೇಕು."

ಆಗ ನಾನೇ ಬಾಯಿ ಹಾಕಿದೆ. "ನನ್ ಮೊಮ್ಮಗಳಿಗೆ ಕೊಟ್ಟು ನೋಡಿ ಭಟ್ರೇ."

ಭಟ್ಟರು ಒಳ್ಳೆಯವರು, ನಗಲಿಲ್ಲ. "ಮಿಸ್ತ್ರಿ ಹೂಂ ಅಂದ್ರೆ ಕೀಲಿ ಕೊಡ್ತೆ ಗೌರಕ್ಕಾ. ಇಲ್ದಿದ್ರೆ ಇಲ್ಲೆ," ಎಂದರು.

ಮಿಸ್ತ್ರಿ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. "ಆಯುಧ ಪೂಜೆ ದಿನ ತರ್ಲಿ, ನೋಡ್ತೆ," ಎಂದ.

ಆ ದಿನವನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಪವಿ ಟ್ಯಾಂಕರನ್ನು ತೊಳೆದು ತಂದು ನನ್ನ ಅಂಗಡಿಯ ಎದುರು ನಿಲ್ಲಿಸಿದಳು. ಸುತ್ತಲಿನ ಜನ ಸೇರಿದರು. ನಾನು ತೋಳಿನಷ್ಟು ದಪ್ಪದ ಗೊಂಡೆ ಹೂವಿನ ಹಾರ ಮಾಡಿಸಿದ್ದೆ. ಅದನ್ನು ಗಾಡಿಯ ಮೂತಿಯ ಜಾಲರಿಗೆ ಈ ತುದಿಯಿಂದ ಆ ತುದಿಗೆ ಮೂರು ಸುತ್ತು ಕಟ್ಟಿದೆ. ನಡುವೆ ಅಡಿಕೆಯ ಸಿಂಗಾರ, ಎರಡು ಬದಿಗೆ ಬಾಳೆ ಗಿಡ, ಸಂದಿ ಉಳಿದಲ್ಲಿ ಮಾವಿನ ಸೊಪ್ಪು. ಚಕ್ರದಡಿ ಲಿಂಬೆಹಣ್ಣು ಇಟ್ಟೆ. ಭಟ್ಟರು ಬಂದ ಮೇಲೆ ಆರತಿ ಎತ್ತಿ, ಲಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸುವುದು ಎಂದು ಲೆಕ್ಕ. ಭಟ್ಟರು ಬರುವುದು ತಡವಾಯಿತು. ಪವಿ, "ಅಜ್ಜೀ, ಆರಿಸ್ಲಾ?" ಎಂದು ಮೇಲಿನಿಂದ ಕೇಳಿದಳು.

"ಬೇಡ ಬೇಡ! ಪೂಜೆ ನಡುವೆ ಎಂಜಿನ್ ಆರಬಾರ್ದು, ದೀಪ ಆರ್ದಂಗೆ. ಹಂಗೇ ಇಟ್ಕ. ಗೇರೂ ಹಾಕೇ ಇರ್ಲಿ, ಭಟ್ರು ಬಂದ ತಕ್ಷಣ ಹಾಯಿಸಿದ್ರಾಯ್ತು," ಎಂದೆ. ಶಾಸ್ತ್ರ ಯಾರು ಹೇಳಿದ್ದು? ಯಾರೂ ಹೇಳಿದ್ದಲ್ಲ, ನನ್ನದೇ. ಮೊಮ್ಮಗಳನ್ನು ಅಷ್ಟು ಎತ್ತರದಲ್ಲಿ ನೋಡಿ ನನಗೆ ತಲೆ ನಿಂತಿರಲಿಲ್ಲ. ಅವಳು ಬ್ರೇಕ್ ಒತ್ತಿ ಹಿಡಿದು ಕೂತಳು. ನಾನು ಮೇಲಕ್ಕೆ ಚಾ ಕೊಟ್ಟೆ, ಪಂಚಕಜ್ಜಾಯ ಕೊಟ್ಟೆ, ನೆಂಟರಿಗೆಲ್ಲ ತೋರಿಸಿದೆ. ನಡು ಮಧ್ಯಾಹ್ನದ ಬಿಸಿಲು. ಅರ್ಧ ಗಂಟೆ ಹೋಯಿತು.

ಆಗ ಬಂದ ಮಿಸ್ತ್ರಿ. ಮೂತಿಯ ಹತ್ತಿರ ಕೈ ಚಾಚಿದ. ಮುಟ್ಟಲು ಜಾಗವೇ ಇಲ್ಲ, ಎಲ್ಲ ಹೂ. ಬಗ್ಗಿ ಮೂಸಿದ. ನೆಟ್ಟಗಾದವನೇ ಎರಡೂ ಕೈಯಿಂದ ಹಾರವನ್ನು ಹಿಡಿದು ಎಳೆದ. ಹೂ ರಸ್ತೆಯ ತುಂಬ ಉದುರಿತು. ಸಿಂಗಾರ ಕಿತ್ತು ಎಸೆದ, ಬಾಳೆ ಗಿಡ ಮುರಿದ. ಹೆಂಗಸರು ಅಯ್ಯೋ ಎಂದರು.

"ಎಂತ ಮಾಡಿದ್ಯೋ ಮಿಸ್ತ್ರಿ! ದೇವ್ರ ಹೂವಿಗೆ ಕೈ ಹಾಕಿದ್ಯಲೋ! ಕೈ ಸೇದ್ಹೋಗಾ ನಿಂದು!" ಎಂದು ನಾನು ಕೂಗಿದೆ.

"ಮೂಗು ಮುಚ್ಚಿ ಪೂಜೆ ಮಾಡಿದ್ರೆ ದೇವ್ರಾದ್ರೂ ಬದುಕ್ತ್ನನೇ?" ಎಂದು ಅವನು ನನಗಿಂತ ಜೋರಾಗಿ ಕೂಗಿದ. "ಗಾಡಿ ಉಸ್ರು ತೆಗುದೇ ಈ ಜಾಲ್ರಿಲಿ!" ಆಮೇಲೆ ಮೇಲೆ ನೋಡಿದ. "ಏ ಹುಡ್ಗಿ, ಗೇರ್ ಎಲ್ಲುಂಟು?"

"ಡಿ-ಲಿ," ಎಂದಳು ಪವಿ ಸಣ್ಣ ದನಿಯಲ್ಲಿ.

"ಸೂಜಿ?"

"ಕೆಂಪಿನ ಹತ್ರ," ಎಂದಳು, ಬಿಸಿ ತೋರಿಸುವ ಸೂಜಿಯ ಕಡೆ ನೋಡಿ.

"ಇಳಿ."

ಅವಳು ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದಳು. ಕೀಲಿ ಅವನ ಕೈಗೆ ಹೋಯಿತು. ಅಷ್ಟು ಜನರ ಎದುರು. ಆರಿಸಬೇಡ ಎಂದದ್ದು ಅಜ್ಜಿ ಎಂದು ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ದಿನ ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ನನ್ನ ತಪ್ಪು ಆ ಸಿಟ್ಟಿನ ಅಡಿಯಲ್ಲಿ ಎಲ್ಲೋ ಹೋಯಿತು. ಮಾರನೆಯ ದಿನದಿಂದ ಅವನಿಗೆ ಚಾ ನಿಲ್ಲಿಸಿದೆ.

ಅವನೂ ಭಂಡ. ದಿನಾ ಹತ್ತೂವರೆಗೆ ಬಂದು ಅದೇ ಬೆಂಚಿನ ಎಡತುದಿಗೆ ಕೂರುತ್ತಿದ್ದ. ತನ್ನದೇ ಬಾಟಲಿಯ ನೀರು ಕುಡಿಯುತ್ತಿದ್ದ. ನಾನು ಅವನ ಕಡೆ ನೋಡುತ್ತಿರಲಿಲ್ಲ, ಅವನು ನನ್ನ ಕಡೆ. ಮೂರನೆಯ ದಿನ ಪವಿಯನ್ನು ಕರೆದು ಕೀಲಿ ಕೊಟ್ಟ. ಕೊನೆಗೂ ಓಡಿಸಲು ಬಿಟ್ಟ ಎಂದುಕೊಂಡೆ. "ಓಡಿಸ್ಬೇಡ," ಎಂದ. "ಹತ್ತಿ ಕೂತ್ಕ. ಚಾಲೂ ಮಾಡು. ನಿಲ್ಸು."

ನಾಲ್ಕು ತಿಂಗಳು ಅದೇ ಆಯಿತು. ಬೆಳಿಗ್ಗೆ ಕ್ಯಾನು ಹಾಕಿ ಬಂದು ಅವಳು ಒಂದು ಗಂಟೆ ನಿಂತ ಲಾರಿಯಲ್ಲಿ ಕೂರುವುದು. ಗಾಡಿ ಒಂದು ಅಂಗುಲ ಮುಂದೆ ಹೋಗುವಂತಿಲ್ಲ. ಹೋಗಿ ಬರುವವರೆಲ್ಲ, "ಎಂತ ಪವಿ, ಎಲ್ಲಿವರೆಗೆ ಬಂತು? ಘಟ್ಟ ಇಳೀತಾ?" ಎಂದು ನಗುತ್ತಿದ್ದರು. ಅವಳು ಸಂಜೆ ಅಳುತ್ತಿದ್ದಳು, ನಾನು ಹಲ್ಲು ಕಡಿಯುತ್ತಿದ್ದೆ. ಬೆಂಚಿನಿಂದಲೇ ಅವನ ಪಾಠ ನಡೆಯುತ್ತಿತ್ತು. ನನ್ನ ಕಿವಿಗೂ ಬೀಳುತ್ತಿತ್ತು.

"ಡಿ-ಲಿ ಇಟ್ರೆ ಗಾಡಿ 'ಹೋಗ್ತೆ ಹೋಗ್ತೆ' ಅಂತದೆ. ನೀ ಬ್ರೇಕ್ ತುಳ್ದು 'ನಿಲ್ಲು' ಅಂತೆ. ನಿಮ್ಮಿಬ್ರ ಜಗಳದಲ್ಲಿ ಒಳಗಿನ ಎಣ್ಣೆ ಸಾಯ್ತದೆ. ಸಿಗ್ನಲ್ಲಲ್ಲಿ ಒಂದು ಗಳಿಗೆ ಬೇರೆ ಮಾತು. ಹೆಚ್ಗೆ ಹೊತ್ತು ನಿಲ್ಲುದಾದ್ರೆ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಇಳಿದು ಚಕ್ರಕ್ಕೆ ಕಟ್ಟಿಗೆ ಕೊರಡು. ಗಾಳಿ ಯಾವ ಕಡೆಂದ ಬೀಸ್ತದೆ ನೋಡು, ಮೂತಿ ಆ ಕಡೆಗೆ ಇರ್ಲಿ. ಕೆಳಗೆ ದರಕು ಇದ್ರೆ ನಿಲ್ಸಲೇಬೇಡ. ಒಣಗಿದ ಎಲೆ ಜಾಲ್ರಿಗೂ ಮೆತ್ತುತ್ತದೆ, ಸೈಲೆನ್ಸರ್ ತಾಗಿದ್ರೆ ಬೆಂಕಿನೂ ಹಿಡಿತದೆ. ಸೂಜಿ ಏರ್ತಾ ಬಂದ್ರೆ ಹೆದ್ರಿ ಮುಚ್ಚಳ ತೆಗಿಬೇಡ, ಮುಖ ಬೆಂದ್ಹೋಗ್ತದೆ. ಏಸಿ ಇದ್ರೆ ಆರ್ಸು, ನ್ಯೂಟ್ರಲ್ಲಲ್ಲೇ ಇಟ್ಟು ಎಕ್ಸಿಲೇಟರ್ ಒಂಚೂರು ಒತ್ತು. ಫ್ಯಾನೂ ನೀರೂ ಜೋರು ತಿರುಗ್ತದೆ. ಆಗ್ಲೂ ಇಳೀದಿದ್ರೆ ಆರ್ಸಿ ಕೂತ್ಕ."

ಒಂದು ದಿನ ಅವಳು ಕೇಳಿದಳು: "ನಿಂತ ಗಾಡಿಗೆ ಎಂತಕೆ ಇಷ್ಟು ಬಿಸಿ ಮಿಸ್ತ್ರಿ? ಓಡು ಗಾಡಿಗಲ್ದಾ ಕೆಲ್ಸ?"

"ನಿನ್ ಅಜ್ಜಿ ಹಾಲಿನ ಪಾತ್ರೆ ನೋಡು," ಎಂದ ಅವನು, ನನ್ನ ಕಡೆ ಬೆನ್ನು ಹಾಕಿಕೊಂಡೇ. "ದೊಡ್ಡ ಉರಿಗೆ ಉಕ್ಕಿದ್ರೆ ಕಾಣ್ತದೆ, ಓಡಿ ಬಂದು ಇಳಿಸ್ಬಹುದು. ಸಣ್ಣ ಉರಿಲಿ ಇಟ್ಟು ಮಾತಾಡ್ತಾ ನಿಂತ್ರೆ ತಳ ಹತ್ತುದು ಕಾಣುದಿಲ್ಲ. ಮೂಗಿಗೆ ಬಂದಾಗ ಹಾಲೂ ಹೋಯ್ತು, ಪಾತ್ರೆನೂ ಹೋಯ್ತು."

ಈ ಮಾತು ನನ್ನದು! ಹೊಸದಾಗಿ ಅಂಗಡಿ ಹಾಕಿದಾಗ ಹಾಲು ಸೀದು, ಇದೇ ಬೆಂಚಿನಲ್ಲಿ ಕೂತ ಇವನಿಗೇ ನಾನು ಹೇಳಿದ ಮಾತು. ನನ್ನ ಮಾತನ್ನು ನನ್ನ ಎದುರೇ, ನನ್ನ ಮೊಮ್ಮಗಳಿಗೆ, ತನ್ನದೆಂಬಂತೆ ಹೇಳಿದ. ಒಂದು ಚಾ ಕೊಟ್ಟು ಬಿಡೋಣ ಎಂದು ಅಂದುಕೊಂಡಿದ್ದವಳು ಮತ್ತೆ ಕೊಡಲೇ ಇಲ್ಲ.

ಶಿವರಾತ್ರಿಯ ಹೊತ್ತಿಗೆ ಮಿಸ್ತ್ರಿಗೆ ಉಬ್ಬಸ ಹೆಚ್ಚಾಯಿತು. ಬಿಳಗಿಯಿಂದ ಮಗಳು ಬಂದು ಕರೆದುಕೊಂಡು ಹೊರಟಳು. ಹೋಗುವ ದಿನ ಅಂಗಡಿಗೆ ಬಂದ. ನಾನು ತಲೆ ಎತ್ತಲಿಲ್ಲ. ಟ್ಯಾಂಕರಿನ ಕೀಲಿಯನ್ನು ಬಿಸ್ಕತ್ತಿನ ಡಬ್ಬಿಯ ಮೇಲೆ ಇಟ್ಟು ಹೋದ. ಹೋಗಿ ಬತ್ತೆ ಎಂದೂ ಹೇಳಲಿಲ್ಲ.

"ಮಿಸ್ತ್ರಿ ಹೂಂ ಅಂದ್ನ?" ಎಂದು ಭಟ್ಟರು ಕೇಳಿದರು. ಹೂಂ ಅನ್ನಲಿಲ್ಲ, ಕೀಲಿ ಇಟ್ಟು ಹೋದ ಎಂದೆ. "ಈ ಬೇಸ್ಗೆ ನೋಡ್ತೆ. ಎಣ್ಣೆ ಸುಟ್ಟರೆ ಮತ್ತೆ ಮಾತಿಲ್ಲೆ," ಎಂದರು.

ಒಂದು ತಿಂಗಳೂ ಆಗಿರಲಿಲ್ಲ, ವಜ್ರಳ್ಳಿ ಕಡೆಯ ಒಂದು ಬೆಟ್ಟಕ್ಕೆ ಬೆಂಕಿ ಬಿತ್ತು. ಗೊಬ್ಬರಕ್ಕೆ ಸೊಪ್ಪು, ದರಕು ತರುವ ಬೆಟ್ಟ, ಮಂಡಿಯವರೆಗೆ ಒಣ ಎಲೆ. ಕೆಳಗೆ ಆರೇಳು ಮನೆ, ಕೊಟ್ಟಿಗೆ. ಫೋನು ಬಂದ ಕೂಡಲೇ ಪವಿ ಟ್ಯಾಂಕರ್ ತೆಗೆದುಕೊಂಡು ಹೋದಳು. ನಾನು ಚಾ ಕ್ಯಾನು ತುಂಬಿಸಿಕೊಂಡು ಆಟೋದಲ್ಲಿ ಹಿಂದೆಯೇ ಹೋದೆ. ಬೆಂಕಿ ಆರಿಸುವವರಿಗೆ ಚಾ ಎಂದು ಹೇಳಿದೆ. ನಿಜಕ್ಕೆ ಹೋದದ್ದು ಅವಳನ್ನು ನೋಡಲು.

ಟ್ಯಾಂಕಿನ ನೀರು ಎಷ್ಟು ಹೊತ್ತಿಗೆ? ಅವಳು ಹಳ್ಳದ ಗುಂಡಿಯ ಪಕ್ಕ, ದರಕು ಗುಡಿಸಿದ ಬರೀ ನೆಲದಲ್ಲಿ ಗಾಡಿ ನಿಲ್ಲಿಸಿದ್ದಳು. ಚಕ್ರಕ್ಕೆ ಕೊರಡು. ಪೈಪು ಗುಂಡಿಗೆ ಇಳಿಸಿ ಅಲ್ಲಿಂದಲೇ ನೀರು ಮೇಲಕ್ಕೆ ಹೊಡೆಯುತ್ತಿದ್ದಳು. ಲಾರಿಯ ಎಂಜಿನ್ ಓಡಿದರೆ ಮಾತ್ರ ಆ ಪಂಪು ಓಡುವುದು. ಎಂಜಿನ್ ನಿಂತರೆ ನೀರು ನಿಲ್ಲುತ್ತದೆ, ನೀರು ನಿಂತರೆ ಬೆಂಕಿ ಮನೆಗಳಿಗೆ ಇಳಿಯುತ್ತದೆ. ಹನ್ನೊಂದಕ್ಕೆ ಶುರುವಾದದ್ದು ಎರಡಾದರೂ ಗಾಡಿ ನಿಂತಲ್ಲೇ ಗುರುಗುಡುತ್ತಿತ್ತು. ಪವಿ ಹಿಂದೆ ಪಂಪಿನ ಬಳಿ, ಮೈಯೆಲ್ಲ ಮಸಿ.

ನಾನು ಚಾ ಹಂಚುತ್ತ ಗಾಡಿಯ ಮುಂದಕ್ಕೆ ಬಂದೆ. ನೋಡುತ್ತೇನೆ, ಯಾರೋ ಪುಣ್ಯಾತ್ಮರು ಹಸಿ ಸೊಪ್ಪಿನ ಟೊಂಗೆಗಳನ್ನು ಕಡಿದು ತಂದು, ಗಾಡಿಯ ಮೂತಿಗೆ ಆನಿಸಿ, ಹಗ್ಗದಲ್ಲಿ ಬಿಗಿದು ಕಟ್ಟಿದ್ದಾರೆ! ಕಟ್ಟಿದವನು ಅಲ್ಲೇ ನಿಂತಿದ್ದ. "ಪಾಪ, ಬೆಳಿಗ್ಗೆಂದ ಬಿಸಿಲಲ್ಲಿ ನಿಂತದೆ. ತಂಪಾಗ್ಲಿ ಅಂತ ಕಟ್ಟಿದೆ ಅಜ್ಜಿ," ಎಂದ.

ನನ್ನ ಕೈ ತಾನಾಗಿಯೇ ಹೋಗಿ, ಹಿಂಬದಿಯಿಂದ, ಆ ಮೂತಿಯನ್ನು ಮುಟ್ಟಿತು. ಚುರ್ ಎಂದಿತು. ಆಮೇಲೆ ಏನಾಯಿತೋ ನನಗೆ ಸರಿಯಾಗಿ ಗೊತ್ತಿಲ್ಲ. ಚಾ ಕ್ಯಾನು ಎಸೆದೆನಂತೆ. ಹಗ್ಗ ಕಿತ್ತು ಟೊಂಗೆಗಳನ್ನು ಎಳೆದೆಳೆದು ಬಿಸಾಡಿದೆನಂತೆ. "ಮೂಗು ಮುಚ್ಚಿ ಪೂಜೆ ಮಾಡ್ತ್ಯನೋ ಮಳ್ಳ! ಗಾಡಿ ಉಸ್ರು ತೆಗುದೇ ಈ ಜಾಲ್ರಿಲಿ!" ಎಂದು ಬೆಟ್ಟಕ್ಕೆ ಕೇಳುವ ಹಾಗೆ ಕೂಗಿದೆನಂತೆ. ಪವಿ ಓಡಿ ಬಂದು ಹತ್ತಿದಳು. ಸೂಜಿ ಕೆಂಪು ಮುಟ್ಟಲು ಎರಡೇ ಗೆರೆ ಬಾಕಿ ಇತ್ತು. ಅವಳು ಗೇರು ನೋಡಿದಳು, ನ್ಯೂಟ್ರಲ್ಲೇ. ಎಕ್ಸಿಲೇಟರನ್ನು ಒಂಚೂರು ಒತ್ತಿ ಹಿಡಿದಳು. ಫ್ಯಾನು ಗಾಳಿ ಎಳೆಯಿತು. ನಾನು ಕೆಳಗೆ ನಿಂತು, "ಇಳೀತಾ? ಇಳೀತಾ?" ಎಂದು ಕೇಳುತ್ತಲೇ ಇದ್ದೆ.

"ಇಳೀತು ಅಜ್ಜೀ," ಎಂದಳು.

ನಾಲ್ಕೂವರೆಗೆ ಬೆಂಕಿ ಆರಿತು. ಒಂದು ಕೊಟ್ಟಿಗೆಯ ಮಾಡು ಮಾತ್ರ ಹೋಯಿತು. ಗಾಡಿ ಒಂದು ಸಲವೂ ನಿಲ್ಲಲಿಲ್ಲ. ಮರುದಿನ ಭಟ್ಟರು ಗೇರ್ ಎಣ್ಣೆಯ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ ನೋಡಿದರು. ಕುಂಕುಮದಂಥ ಕೆಂಪು. ಬಟ್ಟೆ ಮಡಚಿ ಕಿಸೆಗೆ ಹಾಕಿಕೊಂಡು, "ಕೀಲಿ ನಿನ್ ಹತ್ರನೇ ಇರ್ಲಿ ತಂಗಿ," ಎಂದರು.

ಅದನ್ನು ಮಿಸ್ತ್ರಿಗೆ ಹೇಳಲೇಬೇಕಿತ್ತು. ಹೇಳಿ ಅವನ ಬಾಯಿ ಮುಚ್ಚಿಸಬೇಕಿತ್ತು. ಮುಂದಿನ ವಾರ ಶಿರಸಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಬಿಳಗಿಗೆ ಹೋದೆ. ಮಗಳ ಮನೆಯ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಅರ್ಧ ಆಗಿ ಹೋಗಿದ್ದ. ನಾನು ಹೊಸಿಲು ದಾಟುವ ಮೊದಲೇ ಕೇಳಿದ: "ಸೂಜಿ ಎಲ್ಲಿವರೆಗೆ ಹೋಗಿತ್ತು?" ಸುದ್ದಿ ಆಗಲೇ ಮುಟ್ಟಿತ್ತು.

"ಕೆಂಪಿಗೆ ಎರಡು ಗೆರೆ ಇತ್ತು. ಇಳಿಸಿದ್ಲು."

"ಎರಡು ಗೆರೆವರೆಗೆ ಹೋಪ್ದು ಎಂತಕೆ? ಆ ಹುಡ್ಗಿ ಕಣ್ಣು ಎಲ್ಲಿತ್ತು?"

ಶಾಭಾಸ್ ಎಂಬ ಒಂದು ಮಾತು ಬರಲಿಲ್ಲ ಅವನ ಬಾಯಿಂದ. ನಾನು ಅಷ್ಟು ದೂರದಿಂದ ಬಂದದ್ದು ಇದಕ್ಕಾ ಎಂದು ಮೈ ಉರಿಯಿತು. ಉರಿಯಲ್ಲೇ ಬಾಯಿಂದ ಬಂದುಬಿಟ್ಟಿತು: "ಅವತ್ತು ಆರಿಸ್ಬೇಡ ಅಂದಿದ್ದು ನಾನು ಮಿಸ್ತ್ರಿ. ಗೇರಲ್ಲೇ ಇಡು ಅಂದಿದ್ದೂ ನಾನು. ಅವಳ ತಪ್ಪಲ್ಲ."

"ಗೊತ್ತಿತ್ತು."

"ಗೊತ್ತಿದ್ದೂ ಅವಳಿಗೆ ಬೈದ್ಯಾ?"

"ಕೀಲಿ ಇದ್ದಿದ್ದು ಅವಳ ಕೈಲಿ. ಅಜ್ಜಿ ಹೇಳಿದ್ರೂ, ಭಟ್ರು ಹೇಳಿದ್ರೂ, ಗಾಡಿ ಮಾತು ಮೊದ್ಲು ಕೇಳ್ಬೇಕು." ಉಸಿರು ಎಳೆದುಕೊಂಡ. "ನಿಂಗೆ ಬೈದ್ರೆ ಚಾ ನಿಲ್ಸ್ತೆ ಅಂತ ಹೆದ್ರಿಕೆನೂ ಇತ್ತು. ಹೆಂಗೂ ನಿಲ್ಸಿದೆ ನೀನು."

ನಾನು ಎದ್ದು ಸೀದಾ ಒಳಗೆ ಹೋದೆ. ಮಗಳನ್ನು ಕೇಳಿ, ಅವಳ ಒಲೆಯ ಮೇಲೆ ಹಾಲು ಇಟ್ಟು, ಸಣ್ಣ ಉರಿ ಮಾಡಿ, ಅವನಿಗೆ ಉಬ್ಬಸ ಯಾವಾಗ ಏರುತ್ತದೆ, ಊಟ ಎಷ್ಟು ಸೇರುತ್ತದೆ ಎಂದು ಅವಳ ಹತ್ತಿರ ಮಾತಾಡುತ್ತ ನಿಂತೆ. ಚಾ ಮಾಡಿ ತಂದು ಕೊಟ್ಟೆ. ಒಂದು ಗುಟುಕು ಕುಡಿದ. ಲೋಟದೊಳಗೆ ನೋಡಿದ. ನನ್ನ ಮುಖ ನೋಡಿದ.

"ತಳ ಹತ್ತಿದೆ," ಎಂದ.

ಅಷ್ಟು ವರ್ಷ ಚಾ ಮಾಡಿದವಳಿಗೆ! ಲೋಟ ಕಸಿದುಕೊಳ್ಳಲು ಕೈ ಚಾಚಿದೆ, ಕೊಡಲಿಲ್ಲ. ಬೈಯುತ್ತಲೇ ಅಷ್ಟನ್ನೂ ಕುಡಿದ. ತಳದ ಸಕ್ಕರೆಯನ್ನೂ ಬಿಡಲಿಲ್ಲ. ನಾನು ಸಿಟ್ಟಿನಲ್ಲೇ ಬಸ್ಸು ಹತ್ತಿದೆ. ಮಳೆಗಾಲ ಶುರುವಾಗುವ ಮೊದಲು ಹೋಗಿಬಿಟ್ಟನೆಂದು ಫೋನು ಬಂತು. ಆವತ್ತೂ ಮೊದಲು ಬಂದದ್ದು ಸಿಟ್ಟೇ.

ಅದಾಗಿ ನಾಲ್ಕು ವರ್ಷ. ಶುಕ್ರವಾರ ಭಟ್ಟರ ಹೊಸ ಟ್ಯಾಂಕರ್ ಬಂತು. ಅದೂ ತಾನೇ ಗೇರ್ ಹಾಕಿಕೊಳ್ಳುವಂಥದ್ದೇ. ಹುಬ್ಬಳ್ಳಿಯಿಂದ ಓಡಿಸಿಕೊಂಡು ಬಂದವಳು ನನ್ನ ಪವಿ. ಈಗ ಭಟ್ಟರ ಎರಡು ಗಾಡಿಗೂ ಅವಳೇ ಮುಖ್ಯ ಡ್ರೈವರ್. ಹಳೆಯದಕ್ಕೆ ಬೇರೆಯವರನ್ನು ಇಡುವುದಾದರೆ ಅವಳು ಹೂಂ ಅಂದ ಮೇಲೆಯೇ. ಅಂದು ನಕ್ಕವರೆಲ್ಲ ಬಂದು ಸೇರಿದ್ದರು, ಎಲ್ಲರಿಗೂ ಹಾಲು ಜಾಸ್ತಿ ಹಾಕಿಯೇ ಚಾ ಕೊಟ್ಟೆ. ಪಕ್ಕದ ಹೂವಿನವಳು ತೋಳಿನಷ್ಟು ದಪ್ಪದ ಹಾರ ಕಟ್ಟಿ ತಂದಿದ್ದಳು. "ಗೌರಕ್ಕಾ, ಮೂತಿಗೆ ಮೂರು ಸುತ್ತು ಬತ್ತದೆ ನೋಡು," ಎಂದಳು. ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಮೊಮ್ಮಗಳನ್ನು ಕೆಳಗೆ ಕರೆದು, ಅವಳ ಕೊರಳಿಗೆ ಹಾಕಿದೆ. ಎರಡು ಸುತ್ತು ಬಂತು. ಗಾಡಿಯ ಕನ್ನಡಿಗೆ ಒಂದೇ ಒಂದು ಎಳೆ ಕಟ್ಟಿದೆ, ಸಾಕು.

ಪವಿ ಹಾರದೊಡನೆಯೇ ಮತ್ತೆ ಮೇಲೆ ಹತ್ತಿ ಕೂತಳು, ಎಂಜಿನ್ ಓಡುತ್ತಿತ್ತು. ಹೋಗಿ ಮೂತಿಗೆ ಕೈಯ ಹಿಂಬದಿ ಒತ್ತಿ ನಿಂತೆ. ಹದವಾದ ಬಿಸಿ. ಕಣ್ಣು ಮುಚ್ಚಿ ಕಾದೆ. ಬೆಂಚಿನ ಎಡತುದಿಯಿಂದ ಈಗ ಬೈಗುಳ ಬರಬೇಕು ಎಂದು ಕಾದೆ. ಹತ್ತೂವರೆ ಆಗಿತ್ತು. ಜನ ನಗುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಬೈಯುವವರು ಒಬ್ಬರೂ ಇರಲಿಲ್ಲ.

"ಏ ಹುಡ್ಗಿ!" ಎಂದು ನಾನೇ ಕೂಗಿದೆ. "ಗೇರ್ ಎಲ್ಲುಂಟು?"

"ನ್ಯೂಟ್ರಲ್ಲಲ್ಲೇ ಉಂಟು ಅಜ್ಜೀ!"

"ಸೂಜಿ?"

"ಅರ್ಧಕ್ಕಿಂತ ಕೆಳಗೆ!"

"ಹಂಗಾದ್ರೆ ಹಲ್ಲು ಕಿರಿತಾ ಎಂತಕೆ ಕೂತೆ? ಆರ್ಸು!" ಎಂದೆ.